ದುಬೈಗೆ ರೈಟ್ ಪೋಯಿ

ಉಡುಪಿ ಸೀಮೆಯಲ್ಲಿ ಇಂಟರ್ನೆಟ್ಟಿನೊಳಗೆ ಮೊತ್ತಮೊದಲು "ಹಲೋ" ಅಂದವನು ನಾನು. ನೋಡಿದವರು ಇಬ್ಬರಿದ್ದರು. ಒಬ್ಬ ತೀರಿಕೊಂಡ, ಇನ್ನೊಬ್ಬನಿಗೆ ಈಗ ತನ್ನ ಹೆಸರೇ ನೆನಪಿಲ್ಲ. ಆ ಕಂಪ್ಯೂಟರ್ ಗುಜರಿಗೆ ಹೋಗಿ ವರ್ಷ ಎಷ್ಟೋ ಆಯಿತು. ನಂಬುವವರು ನಂಬಿ.

ಶಾಲೆಯ ಮೆಟ್ಟಿಲು ನಾನು ಹತ್ತಿದ್ದು ಓಟು ಹಾಕಲಿಕ್ಕೆ ಮಾತ್ರ. ಉಡುಪಿ ಬಸ್‌ಸ್ಟ್ಯಾಂಡಿನಲ್ಲಿ "ಕಾಪು, ಕಾಪು, ಕಾಪು" ಎಂದು ಕೂಗಿ ಬಸ್ಸು ತುಂಬಿಸುವುದು ನನ್ನ ಉದ್ಯೋಗವಾಗಿತ್ತು. ನಾನು ಇಲ್ಲಿ ಕೂಗಿದರೆ ಕಾಪು ಲೈಟ್‌ಹೌಸಿನ ಮೇಲಿನ ಕಾಗೆಗಳು ಹಾರುತ್ತಿದ್ದವು. ಕಾಲುನೋವು ಶುರುವಾದ ಮೇಲೆ, ಎರಡು ಸಾವಿರ ಇಸವಿ ಕಳೆದ ಹೊಸತರಲ್ಲಿ, ಸಂತೆಕಟ್ಟೆಯ ಒಂದು ಸೈಬರ್ ಕೆಫೆಗೆ ಸೇರಿದೆ. ಗಲ್ಫಿಗೆ ನೆಟ್ ಕಾಲ್ ಮಾಡಲು ಬಂದವರಿಗೆ ಹೆಡ್‌ಫೋನ್ ತೊಡಿಸುವುದು ನನ್ನ ಕೆಲಸ. ಕಂಪ್ಯೂಟರ್ ಒತ್ತುವುದು ಕೌಂಟರಿನ ಹುಡುಗಿಯ ಕೆಲಸ. ಈಗ ನಾನು ಹೇಳಿದ್ದನ್ನು ಕೂತು ಬರೆಯುತ್ತಿರುವವಳೂ ಅವಳೇ. ಅಂಥ ಅಂಗಡಿ ಅಂದ ಮೇಲೆ ತಮಾಷೆಯನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ, ಚಪ್ಪಲಿ ಹೊರಗೆ ಬಿಟ್ಟು ಅದೇ ಒಳಗೆ ಬರುತ್ತದೆ.

ತಡವಾದ ಬಸ್ಸು

ಕಲ್ಯಾಣಪುರದ ಒಬ್ಬರು ಕ್ರಿಸ್ತಾನ ಬಾಯಮ್ಮ ಭಾನುವಾರ ಇಗರ್ಜಿಯ ಪ್ರಾರ್ಥನೆ ಮುಗಿಸಿ ನೇರ ನಮ್ಮಲ್ಲಿಗೆ ಬರುತ್ತಿದ್ದರು. ಮಗ ಮಸ್ಕತ್ತಿನಲ್ಲಿ. ಅವನ ಮಾತು ತುಂಡು ತುಂಡಾಗಿ ಕೇಳುತ್ತಿತ್ತು.

"ಇದೆಂತ ಮಾರಾಯ್ರೆ, ಮಗ ಅರ್ಧ ಮಾತು ನುಂಗ್ತಾನೆ?"

"ಬಾಯಮ್ಮ, ಶಂಕರಪುರದ ಮಲ್ಲಿಗೆ ಗೊತ್ತುಂಟಲ್ಲ? ನಿಮ್ಮ ಮಗನ ಮಾತನ್ನು ಮಸ್ಕತ್ತಿನಲ್ಲಿ ಆ ಮಲ್ಲಿಗೆಯ ಹಾಗೆ ಬಿಡಿ ಹೂವು ಮಾಡ್ತಾರೆ. ಒಂದೊಂದಕ್ಕೂ ನಂಬರ್ ಹಾಕಿ ಸಿಕ್ಕಿದ ಬಸ್ಸಿಗೆ ಏರಿಸ್ತಾರೆ. ಒಂದು ಹೂವು ಕಾರ್ಕಳದ ಮೇಲೆ ಬಂತು, ಇನ್ನೊಂದು ಕಾಪುವಿನ ಮೇಲೆ ಬಂತು. ಇಲ್ಲಿ ಇಳಿಸಿ, ನಂಬರ್ ನೋಡಿ ಪುನಃ ಕಟ್ಟುವುದು."

ಹೂವಿನ ವಿಷಯ ಹುಡುಗಿ ಹೇಳಿಕೊಟ್ಟದ್ದು. ಬಸ್ಸು ಮಾತ್ರ ನನ್ನದೇ.

"ಒಂದು ಬಸ್ಸು ತಡವಾದರೆ?"

"ಅದಕ್ಕೆ ಕಾಯುವುದಿಲ್ಲ. ಆ ಹೂವು ಬಿಟ್ಟೇ ಕಟ್ಟುವುದು."

ಬಾಯಮ್ಮ ಸ್ವಲ್ಪ ಯೋಚನೆ ಮಾಡಿದರು. "ಹಾಗಾದರೆ ಅವ 'ಈ ಕ್ರಿಸ್ಮಸಿಗೆ ಊರಿಗೆ ಬರ್ತೇನೆ' ಅನ್ನುವುದು ಪ್ರತಿ ಸಲ ಆ ತಡವಾದ ಬಸ್ಸಿನಲ್ಲೇ ಇರಬೇಕು."

ಸೊಸೆ ಒಪ್ಪಿಕೊಂಡದ್ದು

ಕಾಪುವಿನ ಒಬ್ಬರು ಅತ್ತೆ ಬಹ್ರೈನಿನ ಸೊಸೆಯ ಹತ್ತಿರ ಮಾತಾಡುತ್ತಾ ಇದ್ದವರು ಕೆಂಡವಾಗಿ ಹೊರಗೆ ಬಂದರು. "ಎಷ್ಟು ಕೊಬ್ಬು ನೋಡಿ! ನಾನು ಹೇಳಿದ್ದನ್ನೇ ನನ್ನ ಸ್ವರದಲ್ಲೇ ಅಣಕಿಸ್ತಾಳೆ!"

ಆಚೆ ಸೊಸೆ ಹೆಡ್‌ಫೋನ್ ಹಾಕದೆ ಸ್ಪೀಕರ್ ಇಟ್ಟಿದ್ದಳು. ಅತ್ತೆಯ ಮಾತು ಸ್ಪೀಕರಿನಿಂದ ಹೊರಟು ಅಲ್ಲಿಯ ಮೈಕಿಗೆ ಹೊಕ್ಕು ವಾಪಸು ಬರುತ್ತಿತ್ತು. ಹೇಳಿದರೆ ಅವರು ಕೇಳಬೇಕಲ್ಲ? "ಅಮ್ಮ, ಒಂದು ಸಲ ಒಳ್ಳೆ ಮಾತು ಹೇಳಿ ನೋಡಿ" ಅಂದೆ. ಅವರು ಮನಸ್ಸಿಲ್ಲದೆ ಕೂತು, ಬಿಗಿಹಲ್ಲಿನಲ್ಲಿ ಹೇಳಿದರು, "ನಿನ್ನ ಹಾಗೆ ಮೀನು ಸಾರು ಮಾಡುವವರು ಊರಲ್ಲೇ ಇಲ್ಲ."

ಆ ಮಾತೂ ಒಂದು ಸುತ್ತು ಹಾಕಿ ಅವರ ಕಿವಿಗೇ ವಾಪಸು ಬಂತು. ಆಮೇಲೆ ಮುಖ ಅರಳಿತು. ನನ್ನ ಕಡೆ ತಿರುಗಿ ಗುಟ್ಟಿನಲ್ಲಿ, "ಈಗ ಒಪ್ಪಿಕೊಂಡಳು ನೋಡಿ!"

ಒಂದು ಪ್ರಶ್ನೆ ಹಿಂದೆ

ಕೌಂಟರಿನ ಹುಡುಗಿಗೇ ಒಂದು ಸಂಬಂಧ ಬಂತು. ಹುಡುಗ ಕಾರ್ಕಳದವ, ದುಬೈಯಲ್ಲಿ ಎಸಿ ಮೆಕ್ಯಾನಿಕ್. ಫೋಟೋ ನೋಡಿದಂದಿನಿಂದ ಹುಡುಗಿ ಗಿರಾಕಿಗಳಿಗೆ ಚಿಲ್ಲರೆ ಹೆಚ್ಚು ಕೊಡಲು ಶುರು ಮಾಡಿದ್ದಳು. ಆದರೆ ಅವಳ ಅಪ್ಪ ಹಟವಾದಿ. "ನಾನೇ ಮಾತಾಡಿ ನೋಡ್ತೇನೆ. ಸರಿ ಕಾಣದಿದ್ದರೆ ಇವತ್ತೇ ಬೇಡ ಅಂತೇನೆ" ಎಂದು ಬಂದು ಕೂತರು.

ನೆಟ್ ಕಾಲಿನಲ್ಲಿ ಮಾತು ಹೋಗಿ ಉತ್ತರ ಬರಲು ಸ್ವಲ್ಪ ಹೊತ್ತು ಬೇಕು. ಅಪ್ಪನಿಗೆ ಕಾಯುವ ಅಭ್ಯಾಸ ಇಲ್ಲ. ನಾನು ಅವರ ಕಿವಿಯ ಪಕ್ಕಕ್ಕೇ ಕಿವಿ ಕೊಟ್ಟು ನಿಂತಿದ್ದೆ.

"ನಿಮ್ಮ ಕೆಲಸ ಹೇಗೆ?" ಅಂದರು. ಉತ್ತರ ಬರುವ ಮೊದಲೇ "ಕುಡಿಯುವುದುಂಟಾ?" ಅಂದರು.

ದುಬೈಯಿಂದ ಬಂತು, "ಪರ್ಮನೆಂಟ್."

ಅಪ್ಪನ ಹುಬ್ಬು ಮೇಲೆ ಹೋಯಿತು. "ದೇವಸ್ಥಾನಕ್ಕೆ ಹೋಗ್ತೀರಾ?"

"ಛೆ ಛೆ, ಅಂಥ ಕೆಟ್ಟ ಅಭ್ಯಾಸ ನನಗಿಲ್ಲ."

"ಹೆಂಡತಿಯನ್ನು ಚೆನ್ನಾಗಿ ನೋಡಿಕೊಳ್ತೀರಾ?"

"ಊರಿಗೆ ಬಂದಾಗ ಮಾತ್ರ."

ಅಪ್ಪ ಹೆಡ್‌ಫೋನ್ ಕಿತ್ತು ಮೇಜಿನ ಮೇಲೆ ಎಸೆದರು. "ಇವ ಬೇಡ!" ಹುಡುಗಿಯ ಕಣ್ಣಲ್ಲಿ ನೀರು.

ಅಲ್ಲಿ ಕೈ ಹಾಕಿದವನು ನಾನು. "ಉತ್ತರ ಒಂದು ಪ್ರಶ್ನೆ ಹಿಂದೆ ಬರ್ತಾ ಉಂಟು. ಬಸ್ಸಿನ ಕ್ರಮದಲ್ಲಿ ಕೇಳಬೇಕು" ಅಂದೆ. ನಮ್ಮ ಕಂಡಕ್ಟರು ಹತ್ತುವವರೆಲ್ಲ ಹತ್ತಿದ ಮೇಲೆ ತಾನೆ "ರೈಟ್ ಪೋಯಿ" ಅಂದು ಬಸ್ಸು ಬಿಡಿಸುವುದು? ಹೆಡ್‌ಫೋನ್ ತಲೆಗೇರಿಸಿದೆ. ಬಸ್‌ಸ್ಟ್ಯಾಂಡಿನ ಸ್ವರ ತೆಗೆದೆ.

"ಕುಡಿಯುವುದುಂಟಾ? ರೈಟ್ ಪೋಯಿ!" ಅಂದು ಬಾಯಿ ಮುಚ್ಚಿ ನಿಂತೆ.

"ಇಲ್ಲ ಸ್ವಾಮಿ." ಎಂಥ ಸ್ಪಷ್ಟ! ಪಕ್ಕದಲ್ಲೇ ಕೂತು ಹೇಳಿದ ಹಾಗೆ.

"ದೇವಸ್ಥಾನ? ರೈಟ್ ಪೋಯಿ!"

"ಶನಿವಾರ ತಪ್ಪಿಸುವುದಿಲ್ಲ."

"ಹೆಂಡತಿಯನ್ನು ನೋಡಿಕೊಳ್ಳುವುದು? ರೈಟ್ ಪೋಯಿ!"

"ಅಯ್ಯೋ, ಚೆನ್ನಾಗಿ, ಚೆನ್ನಾಗಿ!"

ಒಂದೊಂದನ್ನೂ ನಾನು ಅಪ್ಪನಿಗೆ ಒಪ್ಪಿಸಿದೆ. ಅಪ್ಪ ತಣ್ಣಗಾದರು, ಸಂಬಂಧ ಕುದುರಿತು. ಮುಂದಿನ ರಜೆಗೆ ಬಂದ ಹುಡುಗ ಮದುವೆಯಾಗಿಯೇ ಹೋದ. ದುಬೈಗೆ ಪ್ರಶ್ನೆ ಕೂಗಿ ಮದುವೆ ಮಾಡಿಸಿದವನು ಕರಾವಳಿಯಲ್ಲಿ ನಾನೊಬ್ಬನೇ.

ಇಷ್ಟು ಬರೆದ ಹುಡುಗಿ ಪೆನ್ನು ಕೆಳಗಿಟ್ಟಳು.

"ಅಜ್ಜ, ಅಪ್ಪ ಹೆಡ್‌ಫೋನ್ ಕಿತ್ತಾಗಲೇ ಅದರ ಪಿನ್ನೂ ಕಂಪ್ಯೂಟರಿನಿಂದ ಕಿತ್ತು ಬಂದಿತ್ತು. ನಿಮ್ಮ ಹೊಟ್ಟೆಯ ಮುಂದೆ ನೇತಾಡ್ತಾ ಇತ್ತು."

"ಮತ್ತೆ ನನಗೆ ಉತ್ತರ ಕೊಟ್ಟದ್ದು?"

"ಅಡ್ಡಹಲಗೆಯ ಆಚೆ ಪಕ್ಕದ ಕಂಪ್ಯೂಟರಿನಲ್ಲಿ ಇಮೇಲ್ ನೋಡ್ತಿದ್ದ ಹಿರಿಯಡ್ಕದ ಮೇಷ್ಟ್ರು. ನಿಮ್ಮ ಬೊಬ್ಬೆಗೆ ಹೆದರಿ ಒಂದೊಂದಕ್ಕೂ ಉತ್ತರ ಕೊಟ್ಟರು, ಪಾಪ."

"ಚೆನ್ನಾಗಿ, ಚೆನ್ನಾಗಿ ಅಂತ ಎರಡು ಸಲ ಹೇಳಿದರಲ್ಲ?"

"ಹೆಂಡತಿ ಪಕ್ಕದಲ್ಲೇ ಇದ್ದರು. ಬೇರೆ ಎಂತ ಹೇಳ್ತಾರೆ?"

"ಆವತ್ತೇ ಯಾಕೆ ಬಾಯಿ ಬಿಡಲಿಲ್ಲ ನೀನು?"

"ನನಗೆ ಆ ಹುಡುಗ ಬೇಕಿತ್ತು. ಉತ್ತರ ಎಲ್ಲ ಸರಿಯಾಗಿಯೇ ಬರ್ತಿತ್ತು."

ನಾನು ಭುಜ ಕುಣಿಸಿದೆ. "ಆಯ್ತು, ಉತ್ತರ ಯಾರದ್ದಾದರೆ ಎಂತ ಮಾರಾಯ್ತಿ, ಗಂಡ ನಿನ್ನವನೇ ಅಲ್ವಾ?"