ಐದು ಗಂಟೆ ಇಪ್ಪತ್ತು ನಿಮಿಷದ ಗೋಲು

ಸಾವಿರದ ಒಂಬೈನೂರ ನಲವತ್ತನಾಲ್ಕನೆಯ ಇಸವಿ ಜನವರಿ ಇಪ್ಪತ್ತನಾಲ್ಕನೆಯ ತಾರೀಕು ಸೋಮವಾರ, ಹಾಸನದ ಹೇಮಾವತಿ ಇಂಟರ್‌ಮೀಡಿಯೆಟ್ ಕಾಲೇಜಿನ ಫುಟ್‌ಬಾಲ್ ತಂಡದ ಸೆಂಟರ್ ಫಾರ್ವರ್ಡಿಗೆ ಮಂಗನಬಾವು ಬಂದಿತು. ಇದರಲ್ಲಿ ಸರ್ಕಾರದ್ದಾಗಲಿ ಕಾಲೇಜಿನದ್ದಾಗಲಿ ಯಾವ ತಪ್ಪೂ ಇಲ್ಲವೆಂದು ಅದೇ ದಿನ ನೋಟೀಸ್ ಬೋರ್ಡಿನಲ್ಲಿ ಪ್ರಕಟಿಸಲಾಯಿತು.

ಬರುವ ಶನಿವಾರ ಮೈಸೂರಿನಿಂದ ಒಂದು ಕಾಲೇಜು ತಂಡ ಪಂದ್ಯಕ್ಕೆ ಬರುವುದಿತ್ತು. ಎಲ್ಲರಿಗಿಂತ ಮುಂದೆ ನಿಂತು ಗೋಲು ಹೊಡೆಯಬೇಕಾದ ಆ ಜಾಗಕ್ಕೆ ಬದಲಿ ಹುಡುಗನನ್ನು ಆರಿಸಲು ಪ್ರಿನ್ಸಿಪಾಲರ ಅಧ್ಯಕ್ಷತೆಯಲ್ಲಿ ಸಭೆ ಸೇರಿತು. ಯುದ್ಧದ ಕಾಲವಾದ್ದರಿಂದ ಹೊಸ ಬೂಟು ದುಡ್ಡು ಕೊಟ್ಟರೂ ಸಿಗುತ್ತಿರಲಿಲ್ಲ. ಕಾಲೇಜಿನ ಹನ್ನೊಂದು ಜೊತೆ ಬೂಟುಗಳಲ್ಲಿ ಮಂಗನಬಾವಿನವನ ಜೊತೆಯೊಂದು ಖಾಲಿ ಬಿದ್ದಿತ್ತು. ಆದಕಾರಣ ಆಟ ಬಲ್ಲವನನ್ನು ಹುಡುಕುವ ಬದಲು ಬೂಟು ಹಿಡಿಸುವವನನ್ನು ಹುಡುಕುವುದೇ ಶಾಸ್ತ್ರೀಯವೆಂದು ಸಭೆ ತೀರ್ಮಾನಿಸಿತು. ನೂರಾಹನ್ನೆರಡು ವಿದ್ಯಾರ್ಥಿಗಳು ಸಾಲಾಗಿ ಬಂದು ಕಾಲಿಟ್ಟು ನೋಡಿದರು. ಕೊಣನೂರಿನ ಜವಳಿ ವ್ಯಾಪಾರಿ ಪಂಚಾಕ್ಷರಯ್ಯನವರ ಮಗ ಷಡಕ್ಷರಿಯ ಕಾಲು ಸರಿಹೋಯಿತು.

ಷಡಕ್ಷರಿ ಅದುವರೆಗೆ ಒಂದು ಪಂದ್ಯವನ್ನೂ ಆಡಿದವನಲ್ಲ. ಆದರೆ ಚಿಕ್ಕಂದಿನಿಂದಲೂ ಅಂಗಡಿಯ ಹಿತ್ತಲಲ್ಲಿ ತುಂಡು ಬಟ್ಟೆ ಸುತ್ತಿದ ಚೆಂಡನ್ನು ಎಡಗಾಲಲ್ಲಿ ಗೋಡೆಗೆ ಬಾರಿಸಿ ಬಾರಿಸಿ, ಗೋಡೆಯ ಸುಣ್ಣವನ್ನೆಲ್ಲ ಉದುರಿಸಿದ್ದ. ಜನ ನೋಡುತ್ತಿರುವಾಗ, ನಿಜವಾದ ಕಂಬಗಳ ನಡುವೆ ಒಂದೇ ಒಂದು ಗೋಲು ಹೊಡೆಯಬೇಕು ಎನ್ನುವುದು ಅವನ ಆಸೆ. ಆ ಆಸೆಯನ್ನು ಅವನು ಯಾರ ಹತ್ತಿರವೂ ಹೇಳಿರಲಿಲ್ಲ. ಹೇಳಿದ್ದರೆ ಅದಕ್ಕೂ ಒಂದು ಅರ್ಜಿ ಬರೆದುಕೊಡಬೇಕಾಗುತ್ತಿತ್ತು.

ಮಂಗಳವಾರ ಪ್ರಿನ್ಸಿಪಾಲರು ಪ್ರಕಟಣೆ ಹೊರಡಿಸಿದರು: "ಹೊಸ ಆಟಗಾರನ ಬಗ್ಗೆ ಸಾರ್ವಜನಿಕರು ತಮಗೆ ತೋಚಿದಂತೆ ನಿರೀಕ್ಷೆ ಇಟ್ಟುಕೊಳ್ಳುವುದನ್ನು ನಿಷೇಧಿಸಲಾಗಿದೆ. ನಿರೀಕ್ಷೆಯುಳ್ಳವರು ಅದನ್ನು ಬುಧವಾರ ಸಾಯಂಕಾಲದೊಳಗೆ ನಿರೀಕ್ಷಾ ಸಮಿತಿಗೆ ಒಪ್ಪಿಸತಕ್ಕದ್ದು. ಬಚ್ಚಿಟ್ಟ ನಿರೀಕ್ಷೆ ಪತ್ತೆಯಾದಲ್ಲಿ ಜಪ್ತಿ ಮಾಡಲಾಗುವುದು."

ಯುದ್ಧಕ್ಕೆಂದು ಸರ್ಕಾರಕ್ಕೆ ರಾಗಿ ಭತ್ತದ ಲೆವಿ ಕೊಟ್ಟು ಪಳಗಿದ ಜನ ಇದಕ್ಕೂ ಗೊಣಗದೆ ಸಾಲು ನಿಂತರು. ಕೊಣನೂರಿನ ಹುಡುಗ ನಮ್ಮ ತಾಲ್ಲೂಕಿನವನೆಂದು ಅರಕಲಗೂಡಿನವರು ಐದು ಗೋಲು ಒಪ್ಪಿಸಿದರು. ಅರಕಲಗೂಡಿಗಿಂತ ತಾವೇನು ಕಡಿಮೆಯೆಂದು ಚನ್ನರಾಯಪಟ್ಟಣದವರು ಆರು ಕೊಟ್ಟರು. ಹೊಳೆನರಸೀಪುರದ ಕಡೆಯ ಹಳೇಕೋಟೆಯವರು ಈ ವರ್ಷ ಬೆಳೆ ಕೈಕೊಟ್ಟಿದೆಯೆಂದು ರಿಯಾಯಿತಿ ಬೇಡಿ ಅರ್ಧ ಗೋಲು ಒಪ್ಪಿಸಿದರು. ಜಿನನಾಥಪುರದ ಹಿರಿಯರೊಬ್ಬರು "ಯಾರಿಗೂ ಪೆಟ್ಟಾಗದಿದ್ದರೆ ಸಾಕು" ಎಂದು ಬರೆದುಕೊಟ್ಟದ್ದನ್ನು, ಇದು ನಿರೀಕ್ಷೆಯಲ್ಲ, ಅಸಹಕಾರ ಎಂದು ಷರಾ ಬರೆದು ವಾಪಸು ಕಳಿಸಲಾಯಿತು. ಹಾಸನ ಪಟ್ಟಣದವರು ಗೋಲಿನ ಸುದ್ದಿಗೇ ಹೋಗದೆ ಹುಡುಗನಿಂದ ಒಂದು ನಲ್ಲಿ ನಿರೀಕ್ಷಿಸಿದ್ದರು.

ಸಮಿತಿಯ ಕಾರ್ಯದರ್ಶಿ ಕಂದಾಯ ಇಲಾಖೆಯ ಶೇಕ್ದಾರ್ ಬೈರಯ್ಯನವರು. ಹೊಲಗದ್ದೆ ಅಳೆಯುವ ಸರಪಳಿ ಅವರ ಬಳಿ ಇತ್ತು, ಅದರಿಂದಲೇ ಆಟದ ಮೈದಾನವನ್ನೂ ಅಳೆದಿದ್ದರು. ಹೀಗಾಗಿ ಫುಟ್‌ಬಾಲಿನಲ್ಲಿ ಅವರೇ ತಜ್ಞರು. ಅವರು ಎಲ್ಲವನ್ನೂ ಪರಿಶೀಲಿಸಿ, "ಹುಡುಗನಿಗೆ ಎರಡೇ ಕಾಲು. ಒಂದು ಗೋಲು ಸಾಕು" ಎಂದು ಇಳಿಸಿದರು. ಅಲ್ಲಿಗೆ ಮುಗಿದಿದ್ದರೆ ಷಡಕ್ಷರಿ ಬದುಕಿಕೊಳ್ಳುತ್ತಿದ್ದ.

ಆದರೆ ಮೇಲಿನವರಿಗೆ ಕಳಿಸುವ ತಿಂಗಳ ವರದಿ ಗುರುವಾರದ ಟಪಾಲಿಗೆ ಬೀಳಬೇಕಿತ್ತು. ಪಂದ್ಯ ಶನಿವಾರ. ಗೋಲು ವರದಿಯಲ್ಲಿ ಸೇರದೆ ಹೋದರೆ ಅದು ಮುಂದಿನ ತಿಂಗಳಿಗೆ ಬಿದ್ದು, ಆ ತಿಂಗಳು ದನಗಳನ್ನು ಎಣಿಸುವ ಖಾನೇಷುಮಾರಿ ಇದ್ದುದರಿಂದ ದನಗಳ ಜೊತೆ ಸೇರಿಹೋಗುವ ಭಯವಿತ್ತು. ಬೈರಯ್ಯನವರಿಗೆ ಇಂಥ ಕಷ್ಟ ಹೊಸದಲ್ಲ. ಹಿಂದೊಮ್ಮೆ ಇನ್ನೂ ತೋಡದ ಬಾವಿಯ ನೀರು ಸಿಹಿಯಾಗಿದೆಯೆಂದು ಐವರು ಪಂಚರ ಸಮಕ್ಷಮ ಬರೆದು ಮೇಲಿನವರಿಂದ ಶಹಬ್ಬಾಸ್ ಪಡೆದವರು. ಗುರುವಾರ ಬೆಳಿಗ್ಗೆ ಕೂತು ಗೋಲಿನ ಮಹಜರು ಬರೆದೇಬಿಟ್ಟರು:

"ಪೂರ್ವಕ್ಕೆ ಹುಣಸೇಮರ, ಪಶ್ಚಿಮಕ್ಕೆ ಆಟದ ಮೈದಾನ, ಉತ್ತರಕ್ಕೆ ದನದ ದೊಡ್ಡಿ, ದಕ್ಷಿಣಕ್ಕೆ ಗಾಡಿದಾರಿ, ಈ ಚಕ್ಕುಬಂದಿಯೊಳಗಿನ ಪೂರ್ವದ ಗೋಲಿಗೆ ಸದರಿ ಷಡಕ್ಷರಿಯು ಶನಿವಾರ ಸಾಯಂಕಾಲ ಐದು ಗಂಟೆ ಇಪ್ಪತ್ತು ನಿಮಿಷಕ್ಕೆ ತನ್ನ ಬಲಗಾಲಿನಿಂದ ಚೆಂಡನ್ನು ಹೊಡೆದಿದ್ದನ್ನು ಕಣ್ಣಾರೆ ಕಂಡಿರುತ್ತೇವೆ. ಇದಲ್ಲದೆ ಆತನು ಆ ದಿನ ಬೇರೆ ಯಾವ ಗೋಲನ್ನೂ ಹೊಡೆದಿರುವುದಿಲ್ಲ."

ಐವರು ಪಂಚರು ರುಜು ಹಾಕಿದರು. ಐದನೆಯವರು, ಮಗನ ಆಟ ನೋಡಲು ಹೆಂಡತಿಯೊಡನೆ ಎರಡು ದಿನ ಮೊದಲೇ ಹಾಸನಕ್ಕೆ ಬಂದಿಳಿದಿದ್ದ ಪಂಚಾಕ್ಷರಯ್ಯನವರು.

ವಿಷಯ ತಿಳಿದ ಷಡಕ್ಷರಿ ಅಪ್ಪ ಇಳಿದುಕೊಂಡಿದ್ದ ಛತ್ರಕ್ಕೆ ಓಡಿದ.

"ಬರ್ದಿರೋದ್ನ ಓದಿದ್ಯೇನಪ್ಪಾ?"

"ಸರ್ಕಾರಿ ಕಾಗ್ದ ಓದಾಕೋದ್ರೆ ನಮ್ಮೇಲೇ ಅನುಮಾನ ಬತ್ತದೆ ಕಣ್ಲಾ" ಎಂದರು ಪಂಚಾಕ್ಷರಯ್ಯನವರು. "ತೋರಿಸಿದ ಜಾಗದಲ್ಲಿ ಆಕ್ದೆ. ಐದ್ನೇ ಸಯಿ ನಂದು. ನಮ್ಮಪ್ಪನಿಗೂ ಇಂಥ ಮರ್ಯಾದೆ ಸಿಕ್ಕಿರಲಿಲ್ಲ."

"ನಾನ್ ಗೋಲು ಒಡೀದೆ ಓದ್ರೆ?"

ಪಂಚಾಕ್ಷರಯ್ಯನವರು ಆ ದಿಕ್ಕಿನಲ್ಲಿ ಯೋಚಿಸಿರಲಿಲ್ಲ. ಇಬ್ಬರೂ ಸೇರಿ ಬೈರಯ್ಯನವರನ್ನು ಕಾಣಲು ಹೋದರು.

"ಸುಳ್ಳು ಮಹಜರಿಗೆ ರುಜು ಹಾಕಿದೋರಿಗೆ ಸಜೆ ಐತೆ" ಎಂದು ಬೈರಯ್ಯನವರು ಮಜ್ಜಿಗೆ ತರಿಸಿಕೊಟ್ಟು, ಬಹಳ ವಿಶ್ವಾಸದಿಂದ ತಿಳಿಸಿದರು. "ಬರ್ದೋರಿಗೆ ಇಲ್ಲ. ರುಜು ಹಾಕಿದೋರಿಗೆ ಮಾತ್ರ."

"ಸಾ, ನಂಗೆ ಬಲಗಾಲಲ್ಲಿ ಬರಾಕಿಲ್ಲ ಸಾ. ಎಡಗಾಲು ಅಂತ ತಿದ್ದುಬುಡಿ."

"ಟಪಾಲಿಗೆ ಬಿದ್ದೋಯ್ತಲ್ಲಯ್ಯ. ನೀನ್ಯಾಕೆ ಗಾಬ್ರಿ ಬೀಳ್ತೀಯ? ಗೋಲು ನೀನು ಒಡ್ದಾಗೈತೆ. ಇನ್ ಓಗಿ ಒಡಿಯೋದೊಂದೇ ಬಾಕಿ."

ಹಿಂದಿರುಗುವಾಗ ಪಂಚಾಕ್ಷರಯ್ಯನವರು ದಾರಿಯುದ್ದಕ್ಕೂ ಮಗನ ಬಲಕ್ಕೇ ನಡೆದು, ಆ ಕಾಲಿಗೆ ಕಲ್ಲು ತಗುಲದಂತೆ ನೋಡಿಕೊಂಡರು. ಛತ್ರದ ಬಾಗಿಲಲ್ಲಿ ನಿಂತು ಮಗನ ಬಲಗಾಲನ್ನೇ ನೋಡಿ, "ಮಗಾ, ಅದ್ಕೆ ವಸಿ ಎಣ್ಣೆ ಗಿಣ್ಣೆ ತಿಕ್ಕೊಳ್ಲಾ" ಎಂದರು.

ಶನಿವಾರ ನಾಲ್ಕೂವರೆಗೆ ಪಂದ್ಯ ಶುರುವಾಯಿತು. ನಾಲ್ಕೂ ತಾಲ್ಲೂಕಿನ ಜನ ನೆರೆದಿದ್ದರು. ಡ್ರಿಲ್ ಮಾಸ್ತರ್ ಚನ್ನಪ್ಪನವರು ರೆಫರಿ. ಮೊದಲರ್ಧದಲ್ಲಿ ಹಾಸನದವರು ಪಶ್ಚಿಮದ ಗೋಲಿಗೆ ಹೊಡೆಯಬೇಕು. ಎರಡನೆಯ ಅರ್ಧಕ್ಕೆ ಕಡೆ ಬದಲಾಗಿ ಪೂರ್ವ ಸಿಗುತ್ತದೆ. ಮೈಸೂರಿನವರು ಹತ್ತೇ ನಿಮಿಷಕ್ಕೆ ಎರಡು ಗೋಲು ಹೊಡೆದರು. ಬೈರಯ್ಯನವರು ಗಡಿಯಾರ ನೋಡುತ್ತ ಕೂತಿದ್ದರು, ಆ ಕಡೆ ಗಮನ ಕೊಡಲಿಲ್ಲ.

ಷಡಕ್ಷರಿ ಐದು ಇಪ್ಪತ್ತರವರೆಗೆ ಚೆಂಡಿನ ಹತ್ತಿರ ಸುಳಿಯಬಾರದೆಂದು ನಿಶ್ಚಯಿಸಿ ಓಡಾಡುತ್ತಿದ್ದ. ಆದರೆ ಐದು ಗಂಟೆ ಎರಡು ನಿಮಿಷಕ್ಕೆ, ತಂಡದ ನಾಯಕ ಪುಟ್ಟರಾಜು ಒದ್ದ ಚೆಂಡು ಒಬ್ಬರ ಮೊಣಕಾಲಿಗೆ ತಗುಲಿ ಅವನ ಎಡಗಾಲ ಮುಂದೆಯೇ ಬಂದು ಕೂತಿತು. ಎದುರಿಗೆ ಪಶ್ಚಿಮದ ಗೋಲು. ಕಾಲಿಗೆ ಮಹಜರು ಗೊತ್ತಿಲ್ಲವಲ್ಲ, ಅದು ತನ್ನ ಕೆಲಸ ಮಾಡಿಬಿಟ್ಟಿತು. ಚೆಂಡು ಇಬ್ಬರ ನಡುವೆ ತೂರಿ, ನೆಲದಿಂದ ಒಂದು ಮೊಳ ಮೇಲೆ ಹೋಗಿ, ಮೈಸೂರಿನ ಗೋಲ್‌ಕೀಪರ್ ಬಗ್ಗುವಷ್ಟರಲ್ಲಿ ಬಲೆಯನ್ನು ಹಿಂದಕ್ಕೆ ಜಗ್ಗಿತು.

ಜನ ಹುಚ್ಚೆದ್ದು ಕೂಗಿದರು. ಟೋಪಿ ಟವೆಲುಗಳು ಮೇಲೆ ಹಾರಿದವು. ಪುಟ್ಟರಾಜು ಓಡಿಬಂದು ತಬ್ಬಿಕೊಂಡು, "ಬಡ್ಡಿಮಗ್ನೇ, ಎಲ್ಲಿ ಬಚ್ಚಿಟ್ಟಿದ್ಲಾ ಇದ್ನ!" ಎಂದ. ಷಡಕ್ಷರಿಗೆ ಹುಟ್ಟಿದಮೇಲೆ ಅಷ್ಟು ಸಂತೋಷ ಎಂದೂ ಆಗಿರಲಿಲ್ಲ. ಆ ಸಂತೋಷ ಸುಮಾರು ಒಂದು ನಿಮಿಷ ಇತ್ತು.

ಬೈರಯ್ಯನವರು ಫೈಲು ಹಿಡಿದು ಮೈದಾನದೊಳಕ್ಕೆ ಬಂದರು. "ಇಂಥ ಗೋಲಿಗೆ ದಾಖಲೆ ಇಲ್ಲ" ಎಂದರು.

"ಸಾ, ನಾನೇ ಕಂಡಿವ್ನಿ" ಎಂದರು ಚನ್ನಪ್ಪ ಮಾಸ್ತರು.

"ನೀವು ಒಬ್ಬರು ಕಂಡಿದ್ದೀರಿ. ಐದು ಜನ ಕಂಡಿಲ್ಲ ಅಂತ ಬರ್ದುಕೊಟ್ಟವ್ರೆ."

ಚನ್ನಪ್ಪ ಮಾಸ್ತರು ಸೀಟಿಯನ್ನು ಜೇಬಿಗೆ ಹಾಕಿಕೊಂಡರು. ಬೈರಯ್ಯನವರು ಷಡಕ್ಷರಿಯನ್ನು ಪಕ್ಕಕ್ಕೆ ಕರೆದು, ಈ ಗೋಲು ನಿಂತರೆ ಮಹಜರು ಸುಳ್ಳಾಗುತ್ತದೆ, ಮಹಜರು ಸುಳ್ಳಾದರೆ ಏನಾಗುತ್ತದೆ ಅಂತ ನಿನಗೇ ಗೊತ್ತಲ್ಲ ಎಂದರು. ಗೆರೆಯ ಆಚೆ ಪಂಚಾಕ್ಷರಯ್ಯನವರು ರುಮಾಲು ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದರು. ಮಗ ಗೋಲು ಹೊಡೆದದ್ದಕ್ಕೆ ನಗಬೇಕೋ ಬೇಡವೋ ತಿಳಿಯದೆ ಅವರ ಮೀಸೆ ಅದುರುತ್ತಿತ್ತು. ಷಡಕ್ಷರಿ ಆ ಮುಖ ನೋಡಿ ಪೆನ್ಸಿಲು ಕೇಳಿ ತೆಗೆದುಕೊಂಡ. ಬೈರಯ್ಯನವರು ಹೇಳಿದಂತೆ ಬರೆದ:

"ಈ ಮೂಲಕ ಅರಿಕೆ ಮಾಡಿಕೊಳ್ಳುವುದೇನೆಂದರೆ, ಐದು ಗಂಟೆ ಎರಡು ನಿಮಿಷಕ್ಕೆ ಪಶ್ಚಿಮದ ಗೋಲಿನೊಳಗೆ ಕಂಡುಬಂದ ಚೆಂಡಿಗೂ ನನಗೂ ಯಾವ ಸಂಬಂಧವೂ ಇರುವುದಿಲ್ಲ."

ಬರೆದುಕೊಟ್ಟು ಪೆನ್ಸಿಲು ಹಿಂದಿರುಗಿಸಿದ. ಜನರಿಗೆ ತಮಟೆ ಹೊಡೆಸಿ ವಿಷಯ ತಿಳಿಸಲಾಯಿತು. ಹಾರಿಸಿದ ಟೋಪಿಗಳನ್ನು ಜನ ಹುಡುಕಿ ಮತ್ತೆ ಹಾಕಿಕೊಂಡರು.

ಎರಡನೆಯ ಅರ್ಧ ಶುರುವಾಗಿ ಐದು ನಿಮಿಷಕ್ಕೆ ಬೈರಯ್ಯನವರು ಕೈ ಎತ್ತಿದರು. ಐದು ಇಪ್ಪತ್ತು. ಪುಟ್ಟರಾಜು ಚೆಂಡನ್ನು ತಂದು ಷಡಕ್ಷರಿಯ ಬಲಗಾಲ ಮುಂದೆ ನೈವೇದ್ಯಕ್ಕಿಡುವಂತೆ ಇಟ್ಟ. ಷಡಕ್ಷರಿ ಕಣ್ಣು ಮುಚ್ಚಿ, ಅಪ್ಪನನ್ನು ನೆನೆದು ಒದ್ದ. ಚೆಂಡು ಪೂರ್ವದ ಗೋಲಿನ ಮೇಲೆ ಹಾರಿ, ಗೆರೆ ದಾಟಿ, ಗಾಡಿದಾರಿಯ ಮಗ್ಗುಲಲ್ಲಿ ಪುಟಿದು, ದನದ ದೊಡ್ಡಿಯ ಗೋಡೆಗೆ ಬಡಿದು, ಒಂದು ಹುಣಸೇಮರದ ಬುಡದಲ್ಲಿ ನಿಂತಿತು. ಗೋಲಿನಿಂದ ಅಲ್ಲಿಗೆ ಎರಡು ಸರಪಳಿ ದೂರ.

ಷಡಕ್ಷರಿ ಕಣ್ಣು ಬಿಟ್ಟವನು ಅಪ್ಪನ ಕಡೆ ನೋಡುವ ಧೈರ್ಯವಿಲ್ಲದೆ ನೆಲದ ಮೇಲೆ ಕುಕ್ಕರಿಸಿದ.

ಬೈರಯ್ಯನವರು ಮಾತ್ರ ನಿಧಾನವಾಗಿ ಚೆಂಡಿನ ಹತ್ತಿರ ನಡೆದರು. ಮಹಜರಿನ ನಕಲು ತೆಗೆದು ನಾಲ್ಕೂ ದಿಕ್ಕು ನೋಡಿದರು. ಪೂರ್ವಕ್ಕೆ ಹುಣಸೇಮರ, ಪಶ್ಚಿಮಕ್ಕೆ ಮೈದಾನ, ಉತ್ತರಕ್ಕೆ ದೊಡ್ಡಿ, ದಕ್ಷಿಣಕ್ಕೆ ಗಾಡಿದಾರಿ. "ಚೆಂಡು ಸರಿಯಾದ ಜಾಗಕ್ಕೆ ಬಂದೈತೆ. ಗೋಲೇ ಒತ್ತುವರಿಯಾಗೈತೆ" ಎಂದರು.

ಆಳುಗಳು ಬಂದು ಪೂರ್ವದ ಕಂಬಗಳನ್ನು ಕಿತ್ತು ಹುಣಸೇಮರದ ಮುಂದೆ, ಚೆಂಡಿನ ಎರಡು ಪಕ್ಕಕ್ಕೆ ನೆಟ್ಟರು. ಮೈಸೂರಿನ ಕ್ಯಾಪ್ಟನ್ ಓಡಿಬಂದ.

"ಸ್ವಾಮಿ, ಗೋಲ್‌ಪೋಸ್ಟು ಅಲ್ಲಿತ್ತಲ್ಲ? ಇದೇನು ನ್ಯಾಯ?"

"ಇಷ್ಟು ದಿನ ಅಲ್ಲಿದ್ದದ್ದೇ ಅನ್ಯಾಯ. ಅದ್ನ ಈಗ ಸರಿಪಡಿಸ್ತಾ ಇದ್ದೀವಿ."

"ನಮ್ಮ ಗೋಲ್‌ಕೀಪರ್ ಇಲ್ಲಿ ಇರಲೇ ಇಲ್ಲ!"

"ಅವನ ಗೈರುಹಾಜರಿ ನಾವು ನಮೂದಿಸಿಲ್ಲ. ಅದು ನಿಮಗೆ ಮಾಡಿರೋ ಉಪಕಾರ."

"ಸರಿ, ನಾವು ಹೊಡೆದಿರೋ ಎರಡು ಗೋಲು?"

"ಅವು ನಿಮ್ಮ ಜಿಲ್ಲೆಯೋರ ಗೋಲು. ನಿಮ್ಮ ಶೇಕ್ದಾರರ ಕೈಲಿ ಮಹಜರು ಮಾಡಿಸ್ಕೊಳ್ಳಿ."

ಮೈಸೂರಿಗೆ ಹೋಗುವ ಇದ್ದಿಲು ಗ್ಯಾಸಿನ ಬಸ್ಸು ಆರು ಗಂಟೆಗೆ ಹೊರಡುವುದಿತ್ತು, ಅದರ ಕುಲುಮೆಯನ್ನು ಆಗಲೇ ತಿರುವಲು ಶುರುಮಾಡಿದ್ದರು. ಬಸ್ಸು ತಪ್ಪಿದರೆ ಇನ್ನು ನಾಳೆಯೇ. ಕ್ಯಾಪ್ಟನ್ ತೋರಿಸಿದ ಜಾಗದಲ್ಲಿ ರುಜು ಹಾಕಿದ. ಹಾಸನ ಒಂದು, ಮೈಸೂರು ಸೊನ್ನೆ ಎಂದು ಪ್ರಿನ್ಸಿಪಾಲರು ಘೋಷಿಸಿದರು. ಪಂಚಾಕ್ಷರಯ್ಯನವರು ರುಮಾಲು ಸುತ್ತಿಕೊಂಡು, ಮಗನನ್ನು ಎಬ್ಬಿಸಿ ನಿಲ್ಲಿಸಿ, ಮಂಡಿಯ ಧೂಳು ಒರೆಸಿದರು.

ಮೈದಾನದ ಪೂರ್ವದ ಗೋಲು ಅಂದಿನಿಂದ ಹುಣಸೇಮರದ ಮುಂದೆಯೇ ಇದೆ. ಆಟಗಾರರು ದೊಡ್ಡಿಯ ಪಕ್ಕ ತಿರುಗಿಕೊಂಡು ಹೋಗಿ ಹೊಡೆಯುವುದನ್ನು ಕಲಿತಿದ್ದಾರೆ. ಹೊಸದಾಗಿ ಬಂದ ತಂಡಗಳಿಗೆ ನಕ್ಷೆ ಕೊಡುತ್ತಾರೆ.

ಭಾನುವಾರ ಮಧ್ಯಾಹ್ನ ಕೊಣನೂರಿನ ಮನೆಯಲ್ಲಿ ಷಡಕ್ಷರಿಯ ತಾಯಿ ನೀಲಗಂಗಮ್ಮನವರು ಒಬ್ಬಟ್ಟು ಮಾಡಿದ್ದರು. ಗೆರೆಯ ಪಕ್ಕ ಹೆಂಗಸರ ಗುಂಪಿನಲ್ಲಿ ನಿಂತು ಅವರೂ ಆಟ ನೋಡಿದ್ದರು. ಅದುವರೆಗೆ ಫುಟ್‌ಬಾಲ್ ಕಂಡವರಲ್ಲ, ಮಹಜರಿನ ಸಂಗತಿ ಅವರಿಗೆ ಯಾರೂ ಹೇಳಿರಲಿಲ್ಲ. ಎಲೆಗೆ ಬಡಿಸುತ್ತ, "ಮೊದ್ಲು ಎಡಗಾಲಲ್ಲಿ ಒಡ್ದೆ ನೋಡು ಮಗಾ, ಅದು ಬಲು ಚೆಂದಾಗಿತ್ತು ಕಣಪ್ಪ. ನನ್ ಮೈಯೆಲ್ಲ ಜುಮ್ಮಂತು" ಎಂದರು.

ಪಂಚಾಕ್ಷರಯ್ಯನವರು ಕಿಟಕಿಯ ಕಡೆ ನೋಡಿ ದನಿ ತಗ್ಗಿಸಿದರು. "ಅಂಗೆಲ್ಲ ಅನ್ಬ್ಯಾಡ ಕಣಮ್ಮಿ. ಯಾರಾರ ಕೇಳಿಸ್ಕಂಡಾರು."

"ಯಾಕೆ? ನಾನೇ ಕಣ್ಣಲ್ಲಿ ಕಂಡಿಲ್ವಾ?"

ಷಡಕ್ಷರಿ ಎಲೆಯಿಂದ ತಲೆ ಎತ್ತಲಿಲ್ಲ. "ಅಂಥದ್ದೇನೂ ಆಗ್ಲಿಲ್ಲ ಕಣವ್ವ" ಎಂದ.

ನೀಲಗಂಗಮ್ಮನವರು ಗಂಡನ ಮುಖ ನೋಡಿದರು, ಮಗನ ಮುಖ ನೋಡಿದರು. "ಆಯ್ತು ಬುಡು. ಆಗ್ಲಿಲ್ಲ" ಎಂದರು. ಅದು ಆಗದೇ ಇದ್ದುದಕ್ಕೆ ಮಗನ ಒಬ್ಬಟ್ಟಿನ ಮೇಲೆ ಇನ್ನೊಂದು ಮಿಳ್ಳೆ ತುಪ್ಪ ಸುರಿದರು.