ಹೊರಕ್ಕೆ ತೆರೆಯುವ ಬಾಗಿಲು

ನಾನು ಅಂಜುಬುರುಕನಲ್ಲ. ಇದನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು, ಏಕೆಂದರೆ ಮುಂದೆ ಓದಿದ ಮೇಲೆ ನೀವು ನಂಬುವುದಿಲ್ಲ. ಶಕ್ತಿನಗರದಲ್ಲಿ ಗುತ್ತಿಗೆ ಕಂಪನಿಯೊಂದರ ಸುರಕ್ಷತಾ ಅಧಿಕಾರಿ ನಾನು. ಹೆಲ್ಮೆಟ್ ಇಲ್ಲದೆ ಬಂದವರನ್ನು ಗೇಟಿನಲ್ಲೇ ತಡೆದು, "ಭಯ ಬೇಡ, ಎಚ್ಚರ ಇರಲಿ" ಎಂದು ಉಪದೇಶಿಸುವುದು ನನ್ನ ವೃತ್ತಿ. ಸಂಜೆ ರಾಯಚೂರಿನ ಮನೆ ಸೇರಿದೊಡನೆ ಮಾತ್ರ ಆ ವಾಕ್ಯ ತಾನಾಗಿಯೇ ತಿರುಗುಮುರುಗಾಗುತ್ತದೆ.

ಅದಕ್ಕೆ ಕಾರಣ ಹಿಂದಿನ ಓಣಿಯ ಕಳ್ಳತನ. ಬೆಳಿಗ್ಗೆ ಸುದ್ದಿ ಹೊರಟಾಗ ಕಳುವಾದದ್ದು ಒಂದು ಇಸ್ತ್ರಿ ಪೆಟ್ಟಿಗೆ. ನಮ್ಮ ಓಣಿಗೆ ಬರುವಷ್ಟರಲ್ಲಿ ಅದಕ್ಕೆ ಬಂಗಾರದ ಸರ ಸೇರಿತ್ತು, ಕಳ್ಳರ ಕೈಗೆ ಕೊಡಲಿ ಬಂದಿತ್ತು. ಸಂಜೆಯ ಹೊತ್ತಿಗೆ ಅವರು ಮೈಗೆ ಎಣ್ಣೆ ಬಳಿದುಕೊಂಡ ಆಜಾನುಬಾಹುಗಳಾಗಿದ್ದರು. (ಇಸ್ತ್ರಿ ಪೆಟ್ಟಿಗೆ ಆಮೇಲೆ ಆ ಮನೆಯವರ ಮಂಚದ ಕೆಳಗೇ ಸಿಕ್ಕಿತಂತೆ. ಆದರೆ ಎಣ್ಣೆ ಬಳಿದವರು ನನ್ನ ತಲೆಯಿಂದ ಇಳಿಯಲೇ ಇಲ್ಲ.)

ನಮ್ಮ ತಲಬಾಗಿಲಿಗೆ ಇದ್ದದ್ದು ಒಂದೇ ಚಿಲಕ. ಜೋರಾಗಿ ಸೀನಿದರೆ ಬಿದ್ದುಹೋಗುವಂಥದ್ದು. ಹೆಂಡತಿ ಶಶಿಕಲಾಳನ್ನು ಕರೆದುಕೊಂಡು ಅಮೀನ್ ಭಾಯಿಯ ಹಾರ್ಡ್‌ವೇರ್ ಅಂಗಡಿಗೆ ಹೋದೆ.

"ಕಳ್ಳ ಬರಬಾರದು, ಅಂಥಾದ್ದು ಕೊಡ್ರಿ" ಎಂದೆ.

"ಕಳ್ಳ ಬರೋದು ಅವನ ಖುಷಿ ಸರ. ಒಳಗ ಬರೋದು ನಮ್ಮ ಮಾಲಿನ ಮ್ಯಾಲ" ಎನ್ನುತ್ತ ಅಮೀನ್ ಭಾಯಿ ಮೇಜಿನ ತುಂಬ ಹರಡತೊಡಗಿದರು. ಮೇಲೊಂದು ಕೆಳಗೊಂದು ಹಾಕಲು ಗೇಣುದ್ದದ ಬೋಲ್ಟುಗಳು, ತೋಳಿನ ಗಾತ್ರದ ಅಡ್ಡ ಅಗಳಿ, ಆನೆಗೂ ಸಾಲುವ ಸರಪಳಿ. ಕೊನೆಗೆ ಒಂದು ಹಿತ್ತಾಳೆಯ ಲಾಕನ್ನು ಕೂಸಿನಂತೆ ಎತ್ತಿ ತೋರಿಸಿದರು. "ಇದು ಮೂರು ಸುತ್ತು ತಿರುಗ್ತದ."

"ಎರಡು ಸುತ್ತಿಂದು ಇಲ್ಲೇನ್ರಿ?" ಶಶಿಕಲಾ ಕೇಳಿದಳು.

"ಅದ ಅಕ್ಕಾ. ಅದನ್ನ ಧೈರ್ಯ ಇದ್ದೋರು ತೊಗೋತಾರ."

ನಾನು ಮೂರು ಸುತ್ತಿನದನ್ನೇ ಕಟ್ಟಿಸಿದೆ.

"ಮನ್ಯಾಗ ಏನದ ಅಂತ ಇಷ್ಟೆಲ್ಲಾ?" ದಾರಿಯುದ್ದಕ್ಕೂ ಶಶಿಕಲಾಳ ಪ್ರಶ್ನೆ. "ನನ್ನ ತಾಳಿ ನನ್ನ ಕೊಳ್ಳಾಗ ಅದ. ನಿಮ್ಮ ಹೆಲ್ಮೆಟ್ ನಿಮ್ಮ ತಲಿಮ್ಯಾಲ ಅದ."

"ನಾ ಇದ್ದೀನಲ್ಲ."

"ನಿಮ್ಮನ್ನ ಒಯ್ದ್ರ ಸಂಜಿ ಒಳಗ ಅವರೇ ತಂದು ಬಿಟ್ಟು ಹೋಗ್ತಾರ."

ಬಡಿಗ ಮೌನಪ್ಪ ಬಂದ ದಿನ ನನ್ನ ವೃತ್ತಿಜ್ಞಾನ ಜಾಗೃತವಾಯಿತು. ಕಾರ್ಖಾನೆಯಲ್ಲಿ ಆಪತ್ತಿನ ಬಾಗಿಲುಗಳು ಹೊರಕ್ಕೇ ತೆರೆಯಬೇಕು. ಗಾಬರಿಬಿದ್ದವರು ತಳ್ಳಿದ ಕಡೆಗೇ ದಾರಿ ಆಗಬೇಕು. ಇದರ ಮೇಲೆ ನಾನು ಗಂಟೆಗಟ್ಟಲೆ ಭಾಷಣ ಮಾಡಬಲ್ಲೆ, ಮಾಡಿದ್ದೇನೆ ಕೂಡ. ಮೇಲಾಗಿ ಹೊರಕ್ಕೆ ತೆರೆಯುವ ಬಾಗಿಲನ್ನು ಕಳ್ಳ ಎಷ್ಟು ಒದ್ದರೂ ಅದು ಚೌಕಟ್ಟಿಗೇ ಬಿಗಿಯಾಗಿ ಕೂರುತ್ತದೆ. ಹಾಗಾಗಿ ಒಳಕ್ಕೆ ತೆರೆಯುತ್ತಿದ್ದ ನಮ್ಮ ಬಾಗಿಲನ್ನು ಹೊರಕ್ಕೆ ತಿರುಗಿಸಲು ಆಜ್ಞಾಪಿಸಿದೆ.

"ಆತ್ರಿ ಸರ" ಎಂದ ಮೌನಪ್ಪ. (ಕೆಲಸ ಹೆಚ್ಚಾಗುವ ಯಾವ ವಿಚಾರವನ್ನೂ ಆತ ವಿರೋಧಿಸಿದ್ದಿಲ್ಲ.)

ಮಸರಕಲ್‌ನಿಂದ ಬಂದಿದ್ದ ಅತ್ತೆ ಸೂಗಮ್ಮನವರು ಸೊಪ್ಪು ಸೋಸುತ್ತ ಇದನ್ನೆಲ್ಲ ನೋಡುತ್ತಿದ್ದರು. "ಅಳಿಯಪ್ಪ, ಬಂದವರ ಮಕಕ್ಕ ಬಡಿಯೋ ಬಾಗಿಲು ದನದ ಕೊಟ್ಟಿಗಿಗೆ ಹಾಕ್ತಾರ. ಮನಿ ಬಾಗಿಲು ಮಂದಿನ್ನ ಒಳಗ ಕರೀಬೇಕು."

"ಅತ್ತಿ, ಇದು ಸುರಕ್ಷತಾ ವಿಜ್ಞಾನ."

"ಇರಲಿ ಬಿಡು. ನಮ್ಮ ದನಾನೂ ಸುರಕ್ಷಿತ ಅದಾವ."

ಅಲ್ಲಿಗೆ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕಿಟಕಿಗಳಿಗೆ ಕಬ್ಬಿಣದ ಜಾಲರಿ ಬೆಸೆಸಿದೆ. ಹಿತ್ತಲ ಬಾಗಿಲು ಕಳ್ಳರಿಗಾಗಿಯೇ ಇಟ್ಟ ದಾರಿಯಂತೆ ಕಂಡಿತು. ಅಲ್ಲಿ ಇಟ್ಟಿಗೆ ಗೋಡೆ ಎಬ್ಬಿಸಿಬಿಟ್ಟೆ.

ಇಷ್ಟರಲ್ಲಿ ಸುರಕ್ಷತಾ ಸಪ್ತಾಹ ಬಂತು. ಈ ವರ್ಷದ 'ಎಚ್ಚರ ಪ್ರಶಸ್ತಿ' ನನಗೆಂದು ಪ್ರಕಟವಾಯಿತು. ಪ್ರತಿವರ್ಷ ಪಕ್ಕದವನಿಗೆ ಚಪ್ಪಾಳೆ ತಟ್ಟಿ ಅಂಗೈ ಸವೆಸಿಕೊಂಡಿದ್ದ ನನಗೆ ಇದೇ ಮೊದಲ ಪ್ರಶಸ್ತಿ. ಕುಟುಂಬ ಸಮೇತ ಕರೆದೊಯ್ಯಲು ಕಂಪನಿಯ ಗಾಡಿಯೇ ಮನೆಗೆ ಬರುವುದಿತ್ತು.

ಆ ದಿನ ಬೆಳಿಗ್ಗೆ ತಾಯಿ ಮಗಳು ಇಬ್ಬರೂ ಇಳಕಲ್ ಸೀರೆಯುಟ್ಟು ಮೂಲೆಯಂಗಡಿಗೆ ಹೂವು ತರಲು ಹೋದರು. "ಒಲಿಮ್ಯಾಲ ಬ್ಯಾಳಿ ಅದ, ನೋಡ್ಕೋರಿ" ಎಂದಿದ್ದಳು ಶಶಿಕಲಾ. ನಾನು ಅವರ ಬೆನ್ನಿಗೇ ಬಾಗಿಲು ಹಾಕಿ, ಮೇಲಿನ ಬೋಲ್ಟು, ಕೆಳಗಿನ ಬೋಲ್ಟು, ಅಗಳಿ, ಸರಪಳಿ ಎಲ್ಲ ಬಿಗಿದು, ಲಾಕನ್ನು ಮೂರೂ ಸುತ್ತು ತಿರುಗಿಸಿ, ಹೊಸ ಕೋಟು ತೊಟ್ಟು, ಕನ್ನಡಿಯ ಮುಂದೆ ಕೃತಜ್ಞತಾ ಭಾಷಣಕ್ಕೆ ನಿಂತೆ. ಭಾಷಣ 'ಅಪಾಯವೆಂಬುದು ಹೇಳಿ ಬರುವುದಿಲ್ಲ' ಎಂಬಲ್ಲಿಗೆ ಬಂದಾಗ ಬೇಳೆ ಸೀದ ವಾಸನೆ ಬಂತು. ಓಡಿಹೋಗಿ ಒಲೆ ಆರಿಸಿದೆ. ಆದರೆ ಹೊಗೆ ಆಗಲೇ ನಡುಮನೆಗೆ ಬಂದು ಕುಳಿತಿತ್ತು.

ಬಾಗಿಲಿಗೆ ಓಡಿದೆ. ಬೋಲ್ಟು ಸರಿಸಿದೆ, ಅಗಳಿ ಎಳೆದೆ, ಸರಪಳಿ ಬಿಚ್ಚಿದೆ. ಲಾಕು ಒಂದು ಸುತ್ತು ಬಂತು. ಎರಡನೆಯದೂ ಬಂತು. ಮೂರನೆಯದಕ್ಕೆ ಇದ್ದಬದ್ದ ಬಲ ಹಾಕಿ ತಿರುವಿದೆ. ಅರ್ಧ ಕೀಲಿ ನನ್ನ ಬೆರಳಲ್ಲಿ ಉಳಿಯಿತು, ಇನ್ನರ್ಧ ಲಾಕಿನ ಹೊಟ್ಟೆಯೊಳಗೆ. ಗೋಡೆಯಾದ ಹಿತ್ತಲನ್ನು ನೋಡಿದೆ, ಜಾಲರಿಯಾದ ಕಿಟಕಿ ನೋಡಿದೆ. ಕಳ್ಳ ಒಳಗೆ ಬರಬಾರದೆಂದು ಕಟ್ಟಿದ ಕೋಟೆಯಲ್ಲಿ ಹೊರಗೆ ಹೋಗಲಾಗದ ಪ್ರಾಣಿ ನಾನೊಬ್ಬನೇ.

"ಶಶೀ" ಎಂದು ಕಿರುಚಿದೆ. ಅದೃಷ್ಟಕ್ಕೆ ಅವಳು ಹೂವಿನೊಂದಿಗೆ ಹೊರಗೇ ನಿಂತಿದ್ದಳು.

"ಒಲಿ ಆರಿಸೀರೇನು?"

"ಆರಿಸೀನಿ."

"ಮತ್ಯಾಕ ಒದರಾಕತ್ತೀರಿ?"

"ಕೀಲಿ ಮುರದದ. ಬಾಗಿಲು ಬರವಲ್ದು."

"ತಳ್ರಿ. ಗಾಬರ್ಯಾದವರು ತಳ್ಳಿದ್ರ ಹೊರಗ ತೆಗೀತದ ಅಂದಿದ್ರಲ್ಲ."

"ಹೊಗಿ ತುಂಬ್ಯಾದ ಮಾರಾಯ್ತಿ. ನಾ ಉಳಿಯಂಗಿಲ್ಲ."

"ಹೊಗಿ ಇದ್ರ ನೆಲಕ್ಕ ಬಗ್ಗಿ ಕುಂದರಬೇಕಂತ ಊರಿಗೆಲ್ಲಾ ಹೇಳ್ತೀರಿ. ಬಗ್ರಿ."

ಬಗ್ಗಿದೆ, ಹೊಸ ಕೋಟಿನಲ್ಲೇ. ಪಕ್ಕದ ಮನೆಯ ಅನ್ವರಿ ಬೇಗಂ ಬಂದದ್ದು ದನಿಯಿಂದ ಗೊತ್ತಾಯಿತು. "ಏನಾತು ಶಶಿ? ಭಾಯಿ ಒಳಗ ಅದಾರೇನು?"

"ಒಳಗೇ ಅದಾರ ಅಕ್ಕಾ. ಅದೇ ತ್ರಾಸ ಆಗ್ಯಾದ."

ಆಮೇಲೆ ಅತ್ತೆಯ ಸಾವಕಾಶದ ದನಿ. "ಇದೇನವ್ವಾ, ಕಬ್ಜಾದ ಕಡ್ಡಿ ನಮ್ಮ ಕಡಿಗೆ ಅದಾವಲ್ಲ."

ಕಬ್ಜಾ ಎಂದರೆ ಬಾಗಿಲನ್ನು ಚೌಕಟ್ಟಿಗೆ ಹಿಡಿದಿಡುವ ಕೀಲು. ಬಾಗಿಲು ಹೊರಕ್ಕೆ ತೆರೆಯಬೇಕಾದರೆ ಕೀಲೂ ಹೊರಗೇ ಇರುತ್ತದೆ ಎಂಬ ಸಣ್ಣ ಸಂಗತಿ ನನ್ನ ಗಂಟೆಗಟ್ಟಲೆಯ ಭಾಷಣದಲ್ಲಿ ಎಲ್ಲಿಯೂ ಬಂದಿರಲಿಲ್ಲ. ಅನ್ವರಿ ಬೇಗಂ ತಮ್ಮ ಅಡುಗೆಮನೆಯಿಂದ ಕುಟ್ಟುವ ಕಲ್ಲು ತಂದರು. ಅತ್ತೆ ಒಂದು ದಪ್ಪ ಮೊಳೆ ಹಿಡಿದರು. ಟಕ್, ಟಕ್ ಎಂದು ಕಡ್ಡಿಗಳು ಮೇಲೆದ್ದವು. ಮೂವರು ಹೆಂಗಸರು ಸೇರಿ ನನ್ನ ಅಭೇದ್ಯ ಬಾಗಿಲನ್ನು ಡಬ್ಬಿಯ ಮುಚ್ಚಳದಂತೆ ಕಿತ್ತು ಅಂಗಳದಲ್ಲಿ ಮಲಗಿಸಿದರು. ಲಾಕಿನ ನಾಲಿಗೆ ಮಾತ್ರ ಹಾಕಿದಂತೆಯೇ ಹೊರಚಾಚಿಕೊಂಡಿತ್ತು, ಕರ್ತವ್ಯನಿಷ್ಠೆಯಿಂದ.

ಹೊರಬಂದು ಉಸಿರಾಡಿದೆ. ಆಮೇಲೆ ಕಣ್ಣೆತ್ತಿದೆ. ಇಡೀ ಓಣಿ ನಿಂತಿತ್ತು. ಅಂದರೆ ನಮ್ಮ ಬಾಗಿಲು ತೆಗೆಯುವುದು ಹೇಗೆಂದು ಈಗ ಇಡೀ ಓಣಿಗೆ ಗೊತ್ತು. ಮೌನಪ್ಪನಿಗೆ ಫೋನು ಮಾಡಿದರೆ, "ದೇವದುರ್ಗದಾಗ ಅದೀನ್ರಿ ಸರ, ಸಂಜಿಕ್ಕ ಬರ್ತೀನಿ" ಎಂದ. ಅಷ್ಟರಲ್ಲಿ ಕಂಪನಿಯ ಗಾಡಿಯೂ ಬಂದು ಹಾರ್ನ್ ಹೊಡೆಯಿತು.

"ಹೋಗ್ರಿ ಭಾಯಿ, ಮನಿ ನಾ ನೋಡ್ತೀನಿ" ಎಂದರು ಅನ್ವರಿ ಬೇಗಂ.

ಧೈರ್ಯ ಮಾಡಿ ಒಂದು ಕಾಲನ್ನು ಗಾಡಿಯಲ್ಲಿಟ್ಟೆ. ಆಗಲೇ ಗುಜರಿ ಗಾಡಿಯವನೊಬ್ಬ ನಮ್ಮ ಅಂಗಳದೆದುರು ನಿಂತು, ಮಲಗಿದ್ದ ಬಾಗಿಲನ್ನು ಪ್ರೀತಿಯಿಂದ ಸವರಿ, "ಇದನ್ನ ಕೊಡ್ತೀರೇನ್ರಿ?" ಎಂದು ಕೇಳಿದ. ನನ್ನ ಇನ್ನೊಂದು ಕಾಲು ನೆಲ ಬಿಡಲಿಲ್ಲ.

"ನೀವು ತಾಯಿ ಮಗಳು ಹೋಗಿ ತೊಗೊಂಡು ಬರ್ರಿ" ಎಂದೆ.

"ಪ್ರಶಸ್ತಿ ನಿಮ್ದು" ಎಂದಳು ಶಶಿಕಲಾ.

"ಮನಿನೂ ನಂದೇ" ಎಂದೆ.

ಗಾಡಿ ಹೋಯಿತು. ಬಾಗಿಲಿಲ್ಲದ ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು, ತೊಡೆಯ ಮೇಲೆ ಕುಟ್ಟುವ ಕಲ್ಲು ಇಟ್ಟುಕೊಂಡು ಕುಳಿತೆ. ಹಾಲಿನವನನ್ನು ಅನುಮಾನಿಸಿದೆ. ಕೊರಿಯರ್‌ನವನನ್ನು ಅನುಮಾನಿಸಿದೆ. ಇಣುಕಿದ ಮೇಕೆಯನ್ನೂ ಬಿಡಲಿಲ್ಲ. ಮಾರ್ಚ್ ತಿಂಗಳ ರಾಯಚೂರಿನ ಮಧ್ಯಾಹ್ನ. ಬಿಸಿಲು ಓಣಿಯನ್ನೆಲ್ಲ ಒಳಗೆ ಅಟ್ಟಿತು. ಭಯಕ್ಕೂ ಆಯಾಸವಾಗುತ್ತದೆ ಎಂದು ಅಂದು ತಿಳಿಯಿತು.

ಎಚ್ಚರವಾದಾಗ ನನ್ನ ಬೆನ್ನ ಹಿಂದೆ, ಮನೆಯೊಳಗೆ, ಗಂಡಸರ ಮಾತು. ಪಾತ್ರೆಗಳ ಸದ್ದು. ಯಾರೋ ನಿಶ್ಚಿಂತೆಯಿಂದ ನಗುತ್ತಿದ್ದರು.

ಕಲ್ಲು ಎಲ್ಲಿ ಬಿತ್ತೋ ತಿಳಿಯದು. ಒಳಗೆ ನುಗ್ಗಿದೆ ಎಂದು ಬರೆಯಲು ಮನಸ್ಸಿದೆ, ಆದರೆ ನೋಡಿದವರು ಬಹಳ ಜನ. ಬರಿಗಾಲಲ್ಲಿ ಓಣಿಗೆ ಜಿಗಿದು, ಅನ್ವರಿ ಬೇಗಂ ಅವರ ಬಾಗಿಲನ್ನು ಎರಡೂ ಕೈಯಿಂದ ಬಡಿಯುತ್ತ, "ಕಳ್ಳರು, ಕಳ್ಳರು" ಎಂದು ಅರಚಿದೆ. ಬೆಳಿಗ್ಗೆ ನೆರೆದಿದ್ದವರೆಲ್ಲ ಮತ್ತೆ ನೆರೆದರು.

ನಮ್ಮ ಮನೆಯೊಳಗಿಂದ ಚಹಾದ ತಟ್ಟೆ ಹಿಡಿದು ಶಶಿಕಲಾ ಬಂದಳು. ಅವಳ ಹಿಂದೆ ಫಲಕ ಹಿಡಿದ ನಮ್ಮ ಮ್ಯಾನೇಜರ್ ಪ್ರಭುರಾಜ ಸಾಹೇಬರು, ಅವರ ಹಿಂದೆ ಆಫೀಸಿನ ನಾಲ್ಕಾರು ಜನ.

"ನಿಮ್ಮ ಮನಿಯವರು ತೊಗೋಳಾಕ ಒಪ್ಪಲಿಲ್ರಿ ಸಂಜೀವ" ಎಂದರು ಸಾಹೇಬರು. "ಅವರ ಕೈಯಾಗೇ ಕೊಡ್ರಿ ಅಂದ್ರು. ಅದಕ್ಕ ನಾವೇ ಬಂದ್ವಿ. ನಿದ್ದಿ ಹತ್ತಿತ್ತು ನಿಮಗ, ಎಬ್ಬಿಸಲಿಲ್ಲ. ಕುರ್ಚಿ ಬಾಜೂ ಸರಿಸಿ ಒಳಗ ಹೋದ್ವಿ."

"ಕುರ್ಚಿ ಮ್ಯಾಲ ನಾ ಇದ್ದೆನಲ್ರಿ."

"ಕುರ್ಚಿ ಕೂಡೇ ನಿಮ್ಮನ್ನೂ ಎತ್ತಿದ್ರು" ಎಂದಳು ಶಶಿಕಲಾ.

ಪ್ರಶಸ್ತಿ ಪ್ರದಾನ ಓಣಿಯಲ್ಲೇ ನಡೆಯಿತು. ಫಲಕದ ಬರಹವನ್ನು ಎಲ್ಲರಿಗೂ ಕೇಳುವಂತೆ ಓದಿ ಕೊಡುವುದು ನಮ್ಮ ಕಂಪನಿಯ ಪದ್ಧತಿ. ಸಾಹೇಬರು ಕನ್ನಡಕ ಏರಿಸಿಕೊಂಡು ಗಂಭೀರವಾಗಿ ಶುರುಮಾಡಿದರು. "ಹಗಲಿರುಳೂ ಕಣ್ಣು ಮುಚ್ಚದೆ, ಎದೆಗುಂದದೆ..." ಅಲ್ಲಿಗೆ ನಿಂತರು. ಓಣಿಯವರ ಮುಖ ನೋಡಿದರು. ನನ್ನ ಬರಿಗಾಲು ನೋಡಿದರು.

"ಉಳಿದದ್ದು ನೀವೇ ಓದ್ಕೋರಿ" ಎಂದು ನನ್ನ ಕೈಗಿಟ್ಟರು.