ನೀರಣ್ಣನ ವಾಲ್ವು

ಬೀದಿಬೀದಿಗೆ ನೀರು ಬಿಡುವ ಮನುಷ್ಯನಿಗೆ ತನ್ನ ನೀರನ್ನೇ ತಡೆಯಲಾಗುತ್ತಿಲ್ಲ ಎಂದು ಗೊತ್ತಾದರೆ ಜನ ನಗದೆ ಬಿಡುತ್ತಾರೆಯೇ? ಅದಕ್ಕೇ ನೀರಣ್ಣ ಪ್ರಾಸ್ಟೇಟ್ ಆಪರೇಷನ್ನಿನ ವಿಷಯವನ್ನು ಹೆಂಡತಿಯೊಬ್ಬಳನ್ನು ಬಿಟ್ಟು ಯಾರಿಗೂ ಹೇಳಿರಲಿಲ್ಲ. ಕೇಳಿದವರಿಗೆಲ್ಲ ಹರ್ನಿಯಾ ಎಂದಿದ್ದ. ಸೊಸೆಯ ಕಿವಿಗೆ ಬಿದ್ದರೂ ತಿಳಿಯದಿರಲಿ ಎಂದು ಗಂಡ ಹೆಂಡತಿ ವಾಲ್ವಿನ ಭಾಷೆಯಲ್ಲೇ ಮಾತಾಡಿಕೊಳ್ಳುತ್ತಿದ್ದರು. “ವಾಲ್ವು ಹೇಗಿದೆ?” ಎಂದು ಅವಳು ಕೇಳಿದರೆ, “ಸೋರ್ತಿದೆ” ಎಂದು ಇವನು ನಿಟ್ಟುಸಿರು ಬಿಡುತ್ತಿದ್ದ.

ಮೂರು ತಿಂಗಳು ಹೀಗೇ ಕಳೆಯಿತು. ಕೆಮ್ಮಿದರೆ ಸೋರಿತು, ಸೀನಿದರೆ ಸೋರಿತು, ಮೊಮ್ಮಗಳನ್ನು ಎತ್ತಿಕೊಂಡರೂ ಸೋರಿತು. “ಒಳಗಿಂದ ಬಿಗಿಹಿಡೀರಿ, ಹತ್ತು ಎಣಿಸಿ, ಆಮೇಲೆ ಬಿಡಿ. ದಿನಕ್ಕೆ ಮೂರು ಹೊತ್ತು ಮಾಡಿ” ಎಂದು ನರ್ಸಮ್ಮ ಹೇಳಿಕೊಟ್ಟಿದ್ದಳು. ಪಾಪದ ಮನುಷ್ಯ ಮೂವತ್ತು ಹೊತ್ತು ಮಾಡಿದ. ಬಿಗಿಹಿಡಿದಾಗಲೆಲ್ಲ ಅವನ ಹುಬ್ಬು ಮೇಲೇರಿ ಮೂಗಿನ ಹೊಳ್ಳೆ ಅರಳುತ್ತಿತ್ತು. ಎದುರು ಬಂದವರು ತಮ್ಮ ಮೇಲೇ ಸಿಟ್ಟಿರಬೇಕೆಂದು ದಾರಿ ಬಿಡುತ್ತಿದ್ದರು.

ಅಂದು ಬೆಳಗ್ಗೆ ಎದ್ದರೆ, ಸೋರುವುದಕ್ಕೆಂದು ಒಳಗೆ ಇಟ್ಟುಕೊಳ್ಳುತ್ತಿದ್ದ ಪ್ಯಾಡು ಒದ್ದೆಯಾಗಿರಲಿಲ್ಲ. ನೀರಣ್ಣ ಮುಟ್ಟಿ ನೋಡಿದ. ನಂಬಿಕೆಯಾಗದೆ ಇನ್ನೊಮ್ಮೆ ಮುಟ್ಟಿದ. ಬೇಕೆಂದೇ ಎರಡು ಸಲ ಜೋರಾಗಿ ಕೆಮ್ಮಿದ. ಊಹೂಂ! ಹೆಂಡತಿ ಎದ್ದ ಮೇಲೆ ಹೇಳೋಣವೆಂದುಕೊಂಡು, ಆ ಸಂಭ್ರಮದಲ್ಲಿ ಪ್ಯಾಡನ್ನು ಮೂಲೆಗೆಸೆದು ಬರೀ ಖಾಕಿ ಪ್ಯಾಂಟಿನಲ್ಲಿ ರಾಜನ ಹಾಗೆ ಕೆಲಸಕ್ಕೆ ಹೊರಟುಬಿಟ್ಟ.

ಮೂರನೇ ಬೀದಿಯ ಗುಂಡಿಯ ಮೇಲೆ ಬಗ್ಗಿ, ಉದ್ದನೆಯ ಕಬ್ಬಿಣದ ಕೀಲಿಯಿಂದ ವಾಲ್ವು ತಿರುಗಿಸುತ್ತಿದ್ದಾಗ ಫೋನು ಬಡಿದುಕೊಂಡಿತು.

“ರೀ, ವಾಲ್ವು ಹೇಗಿದೆ?”

“ನಿಂತೋಯ್ತು ಕಣೇ!” ನೀರಣ್ಣ ಕುಣಿಯುವುದೊಂದು ಬಾಕಿ. “ಬೆಳಗ್ಗೆಯಿಂದ ಒಂದು ಹನಿ ಇಲ್ಲ! ವಾಲ್ವು ಗಟ್ಟಿಯಾಗಿ ಕೂತ್ಬಿಟ್ಟಿದೆ. ಇನ್ಮೇಲೆ ಬರೋದೇ ಇಲ್ಲ ಅನ್ಸುತ್ತೆ!”

ಪಕ್ಕದ ಕಿಟಕಿಯಲ್ಲಿ ಟೈಲರಮ್ಮನ ಹೊಲಿಗೆ ಯಂತ್ರ ಗಕ್ಕನೆ ನಿಂತಿತು.

“ಅಕ್ಕಾ, ಕೇಳಿದ್ರಾ? ನೀರು ನಿಂತೋಯ್ತಂತೆ! ನೀರಣ್ಣ ಹೆಂಡ್ತಿಯೊಬ್ಬಳಿಗೇ ಗುಟ್ಟಾಗಿ ಹೇಳ್ತಿದ್ದ!”

ಟೈಲರಮ್ಮನ ಬಾಯಲ್ಲಿ ಒಂದು ದಿನವಿದ್ದ ನೀರಿನ ಬರ ಕ್ಷೌರದಂಗಡಿ ದಾಟುವಾಗ ಒಂದು ವಾರವಾಯಿತು, ನಾಲ್ಕನೇ ಬೀದಿ ಮುಟ್ಟುವಾಗ ಒಂದು ತಿಂಗಳಾಯಿತು. ಎಲ್ಲರೂ ಬಿದ್ದಂಬೀಳ ಓಡಿ ಇದ್ದಬದ್ದ ನಲ್ಲಿಗಳನ್ನೆಲ್ಲ ತಿರುಗಿಸಿದರು. ಬಕೆಟ್, ಕೊಡ, ಕುಕ್ಕರು ತುಂಬಿದವು. ಕ್ಷೌರಿಕ ಗಿರಾಕಿಯ ಹೆಲ್ಮೆಟ್ಟನ್ನೂ ಬಿಡಲಿಲ್ಲ. ಹತ್ತು ಬೀದಿಯ ನಲ್ಲಿಗಳು ಒಟ್ಟಿಗೆ ಎಳೆದರೆ ಟ್ಯಾಂಕು ಏನು ಮಾಡೀತು? ಗಂಟೆಯೊಳಗೆ ನೀರು ನಿಜಕ್ಕೂ ನಿಂತುಹೋಯಿತು. ಜನ ಬಂದು ನೀರಣ್ಣನನ್ನು ಮುತ್ತಿಕೊಂಡರು.

ಅಷ್ಟು ಹೊತ್ತಿಗೆ ಅವನಿಗೆ ಮೂತ್ರಕ್ಕೆ ಹೋಗಬೇಕಾಗಿತ್ತು. ಗಟ್ಟಿಮುಟ್ಟಾದವರಿಗೆ ಆಗುವ ಹಾಗೆ, ಕ್ರಮವಾಗಿ. ಆ ಒತ್ತಡವೂ ಅವನಿಗೆ ಹೆಮ್ಮೆಯೇ. ಆದರೆ ಜನ ಬಿಡಬೇಕಲ್ಲ!

“ಒಂದು ನಿಮಿಷ ಹೋಗಿಬರ್ತೀನಿ” ಎಂದ.

“ಓಡಿಹೋಗ್ತಿದಾನೆ, ಹಿಡ್ಕೊಳ್ರೋ!” ಎಂದ ಕ್ಷೌರಿಕ.

ಜೀಪಿನಲ್ಲಿ ಬಂದಿಳಿದ ಇಂಜಿನಿಯರಮ್ಮ ರಿಪೋರ್ಟು ಬರೆಯಲು ಪೆನ್ನಿನ ಮುಚ್ಚಳ ತೆಗೆದರು. “ವಾಲ್ವು ಸರಿಯಾಗಿದೆ, ಬೆಳಗ್ಗೆ ಟ್ಯಾಂಕು ತುಂಬಿತ್ತು. ಮತ್ಯಾಕ್ರೀ ನೀರು ನಿಂತೋಯ್ತು ಅಂತ ಸುದ್ದಿ ಹಬ್ಬಿಸಿದ್ರಿ? ನಿವೃತ್ತಿಗೆ ಆರು ತಿಂಗಳಿರೋವಾಗ ಸಸ್ಪೆಂಡ್ ಆಗ್ಬೇಕಾ?”

“ಮೇಡಂ, ನಾನು ಹೇಳಿದ್ದು ಬೇರೆ ವಾಲ್ವು.”

“ಯಾವ ಬೀದೀದು?”

“ಬೀದೀದಲ್ಲ ಮೇಡಂ. ಸ್ವಂತದ್ದು.”

“ಸ್ವಂತಕ್ಕೆ ವಾಲ್ವು ಇಟ್ಕೊಂಡಿದೀರಾ? ಪರ್ಮಿಷನ್ ಯಾರು ಕೊಟ್ರು?”

ಮಾನವೋ ಕೆಲಸವೋ ಎಂದು ನೀರಣ್ಣ ಒಂದು ಗಳಿಗೆ ಒದ್ದಾಡಿದ. ಕೊನೆಗೆ ಕಣ್ಣು ಮುಚ್ಚಿಕೊಂಡು ಆಪರೇಷನ್ನು, ಪ್ಯಾಡು, ವ್ಯಾಯಾಮ, ಹೆಂಡತಿಯ ಜೊತೆಗಿನ ಭಾಷೆ, ಎಲ್ಲವನ್ನೂ ನಡುಬೀದಿಯಲ್ಲಿ ಒದರಿಬಿಟ್ಟ. ಕಣ್ಣು ಬಿಟ್ಟಾಗ ಯಾರೂ ನಗುತ್ತಿರಲಿಲ್ಲ. ಟೈಲರಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದಳು. ಇಷ್ಟು ದಿನ ಸುಮ್ಮನೆ ಹೆದರಿದೆನಲ್ಲ ಎಂದು ಅವನಿಗೆ ಅಳುವೇ ಬಂದಂತಾಯಿತು.

“ಇದನ್ನ ಮೊದಲೇ ಹೇಳಬಾರದಿತ್ತೇನ್ರೀ” ಎಂದು ಇಂಜಿನಿಯರಮ್ಮ ಮೆತ್ತಗಾಗಿ ಪೆನ್ನಿಗೆ ಮುಚ್ಚಳ ಹಾಕಿದರು.

ಸರಿಯಾಗಿ ಆಗಲೇ ಪಂಪ್‌ಹೌಸಿನವರು ಇನ್ನೊಂದು ಮೋಟರು ಹಾಕಿದರು. ಗಾಬರಿಯಲ್ಲಿ ತೆರೆದ ನಲ್ಲಿಗಳನ್ನು ಯಾರೂ ಮುಚ್ಚಿರಲಿಲ್ಲ. ಬೀದಿಯ ಎರಡೂ ಬದಿಯ ಮನೆಗಳಲ್ಲಿ ಒಮ್ಮೆಗೇ ಜುಳುಜುಳು, ಸರ್ರನೆ, ಧೋ ಎಂದು ನೀರು ಸುರಿಯತೊಡಗಿತು. ಅಷ್ಟು ಹೊತ್ತು ತಡೆದುಕೊಂಡವನಿಗೆ ಆ ಸದ್ದು ಏನು ಮಾಡುತ್ತದೆಂದು ಯಾರಿಗೆ ಗೊತ್ತಿಲ್ಲ? ನೀರಣ್ಣ ಬಿಗಿಹಿಡಿದ. ಹುಬ್ಬು ಮೇಲೇರಿತು, ಹೊಳ್ಳೆ ಅರಳಿತು. ಏಳರವರೆಗೆ ಎಣಿಸಿದ. ಖಾಕಿ ಪ್ಯಾಂಟು ತೊಡೆಯಿಂದ ಪಾದದವರೆಗೆ ಕಪ್ಪಗಾಯಿತು.

ಗುಂಪಿನಲ್ಲಿದ್ದ ನಿವೃತ್ತ ಲೆಕ್ಕದ ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಮುಂದೆ ಬಂದರು.

“ಮೇಡಂ, ಒಂದು ಸಣ್ಣ ಅನುಮಾನ. ಇವರದ್ದು ನಿಂತೇ ಇಲ್ಲ, ಎಲ್ಲರೂ ಕಣ್ಣಾರೆ ನೋಡಿದ್ವಿ. ಅಂದ್ಮೇಲೆ ಫೋನಲ್ಲಿ ‘ನಿಂತೋಯ್ತು’ ಅಂದಿದ್ದು ನಮ್ಮ ನೀರನ್ನೇ ಅಲ್ವಾ?”

ಇಂಜಿನಿಯರಮ್ಮ ಪ್ಯಾಂಟನ್ನೊಮ್ಮೆ, ಮೇಷ್ಟ್ರನ್ನೊಮ್ಮೆ ನೋಡಿ, ಪೆನ್ನಿನ ಮುಚ್ಚಳ ಮತ್ತೆ ತೆಗೆದರು.